ಒಬ್ಬಳೇ ಹುಡುಗಿ, ಮೂರು ಕೋರ್ಟು: ಲಾರಿ ಅಪಘಾತದ ಪರಿಹಾರ 11 ಲಕ್ಷದಿಂದ 62 ಲಕ್ಷಕ್ಕೆ ಏರಿದ ಬಗೆ

2007ರ ಅಕ್ಟೋಬರ್ 18. ಹರಿಯಾಣದಲ್ಲಿ 12 ವರ್ಷದ ಹುಡುಗಿಯೊಬ್ಬಳು ಅಪ್ಪ ಅಮ್ಮನ ಜೊತೆ ಟ್ರ್ಯಾಕ್ಟರ್‌ನಲ್ಲಿ ಹೋಗುತ್ತಿದ್ದಳು. ಅಡ್ಡಾದಿಡ್ಡಿ ಓಡಿಸಿಕೊಂಡು ಬಂದ ಲಾರಿ ಟ್ರ್ಯಾಕ್ಟರ್‌ಗೆ ಗುದ್ದಿತು. ಹುಡುಗಿಯ ತಲೆಗೆ ಬಿದ್ದ ಪೆಟ್ಟು ಮೆದುಳಿಗೇ ತಗುಲಿತು. 51 ದಿನ ಆಸ್ಪತ್ರೆಯಲ್ಲಿದ್ದು ಜೀವ ಉಳಿಸಿಕೊಂಡಳು.

ಉಳಿದ ಜೀವ ಹೇಗಿತ್ತು? ಚಂಡೀಗಢದ ಪಿಜಿಐ ಆಸ್ಪತ್ರೆಯ ವೈದ್ಯರು ಪರೀಕ್ಷೆ ಮಾಡಿ ವರದಿ ಕೊಟ್ಟರು. ಅವಳ ವಯಸ್ಸಿನ ಮಕ್ಕಳಿಗೆ ಹೋಲಿಸಿದರೆ ಬುದ್ಧಿಮತ್ತೆ ಶೇ. 20ಕ್ಕೂ ಕಡಿಮೆ. ನಡವಳಿಕೆಯ ಲೆಕ್ಕದಲ್ಲಿ ವಯಸ್ಸು 9 ತಿಂಗಳು. ಕೈಕಾಲುಗಳಲ್ಲಿ ಬಲವಿಲ್ಲ. ಮಲಮೂತ್ರದ ಮೇಲೆ ಹಿಡಿತವಿಲ್ಲ. ಅಂಗವೈಕಲ್ಯ ಶೇ. 100. ಅಂದರೆ ಮೈ ಬೆಳೆಯುತ್ತಾ ಹೋಗುತ್ತದೆ, ಒಳಗಿನ ಮನಸ್ಸು ಮಾತ್ರ ಇನ್ನೂ ಹೆಜ್ಜೆ ಇಡದ ಕೂಸಿನದು.

ಅಪಘಾತ ಪರಿಹಾರ ನ್ಯಾಯಮಂಡಳಿ ಇವಳಿಗೆ ಕೊಟ್ಟದ್ದು 11,08,501 ರೂಪಾಯಿ. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಅದನ್ನು 25,78,501ಕ್ಕೆ ಏರಿಸಿತು. 2020ರ ಫೆಬ್ರವರಿ 5ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಎಲ್. ನಾಗೇಶ್ವರ ರಾವ್ ಮತ್ತು ದೀಪಕ್ ಗುಪ್ತಾ ಅವರ ಪೀಠ 62,27,000 ರೂಪಾಯಿ ಕೊಡಿಸಿತು. ಆ ಹೊತ್ತಿಗೆ ಹುಡುಗಿಗೆ ಸುಮಾರು 24 ವರ್ಷ.

ಅದೇ ಅಪಘಾತ, ಅದೇ ಗಾಯ, ಅದೇ ವೈದ್ಯರ ವರದಿ. ಹಾಗಿದ್ದರೂ ಮೊದಲ ಮೊತ್ತಕ್ಕೂ ಕೊನೆಯ ಮೊತ್ತಕ್ಕೂ ಐದು ಪಟ್ಟಿಗಿಂತ ಜಾಸ್ತಿ ಅಂತರ. ಈ ಅಂತರ ಎಲ್ಲಿಂದ ಬಂತು ಅನ್ನುವುದನ್ನು ಬಿಡಿಸಿ ನೋಡಬೇಕು. ಲಾರಿ ಗುದ್ದಿ ಮನೆಯವರೊಬ್ಬರು ಹಾಸಿಗೆ ಹಿಡಿದಾಗ ನಮ್ಮ ಜನ ಕೇಳುವ ಮೊದಲ ಪ್ರಶ್ನೆ "ತಪ್ಪು ಯಾರದು?" ಅಂತ. ಆ ಪ್ರಶ್ನೆ ಬೇಕೇ ಬೇಕು. ಆದರೆ ಹಣ ನಿಂತಿರುವುದು ಬೇರೆರಡು ಪ್ರಶ್ನೆಗಳ ಮೇಲೆ: ಈ ಜೀವ ಮುಂದೆ ಏನು ದುಡಿಯುತ್ತಿತ್ತು? ಇದನ್ನು ಇನ್ನು ಮುಂದೆ ದಿನವೂ ನೋಡಿಕೊಳ್ಳುವವರು ಯಾರು?

ಯಾರ ಮೇಲೆ ಕೇಸು?

ತಪ್ಪಿನ ವಿಷಯ ಇಲ್ಲಿ ಬೇಗ ಮುಗಿಯಿತು. ಲಾರಿ ಚಾಲಕನ ನಿರ್ಲಕ್ಷ್ಯವೇ ಕಾರಣ ಅಂತ ತೀರ್ಮಾನವಾಯಿತು. ಸುಪ್ರೀಂ ಕೋರ್ಟಿನಲ್ಲಿ ಉಳಿದಿದ್ದದ್ದು ಮೊತ್ತದ ಜಗಳ ಮಾತ್ರ.

ಲಾರಿ ಅಪಘಾತದಲ್ಲಿ ಸಾಮಾನ್ಯವಾಗಿ ಮೂವರ ಮೇಲೆ ಅರ್ಜಿ ಹಾಕುತ್ತಾರೆ: ಚಾಲಕ, ಮಾಲೀಕ, ವಿಮಾ ಕಂಪನಿ. ಚಾಲಕ ಸಂಬಳಕ್ಕೆ ದುಡಿಯುವವನು, ಅವನ ಹತ್ತಿರ ಲಕ್ಷಗಟ್ಟಲೆ ಎಲ್ಲಿಂದ ಬರಬೇಕು? ಅವನು ಮಾಲೀಕನ ಕೆಲಸದ ಮೇಲಿದ್ದಾಗ ಮಾಡಿದ ತಪ್ಪಿಗೆ ಮಾಲೀಕನೂ ಹೊಣೆ. ಮಾಲೀಕನ ಹೊಣೆಯನ್ನು ವಿಮಾ ಕಂಪನಿ ಹೊರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ರಸ್ತೆಗಿಳಿಯುವ ಪ್ರತಿ ಲಾರಿಗೂ ಮೂರನೇ ವ್ಯಕ್ತಿಯ ವಿಮೆ, ಅಂದರೆ ನಾವು ಥರ್ಡ್ ಪಾರ್ಟಿ ಅನ್ನುವ ಇನ್ಶೂರೆನ್ಸ್, ಇರಲೇಬೇಕು.

ವಿಮಾ ಕಂಪನಿಯ ವಕೀಲರು ಮೊದಲು ಹುಡುಕುವುದು ಕಾಗದದಲ್ಲಿನ ಬಿರುಕನ್ನು. ಚಾಲಕನ ಡಿಎಲ್ ಸರಿಯಿತ್ತಾ? ಪರ್ಮಿಟ್ ಇತ್ತಾ? ಎಫ್‌ಸಿ, ಅಂದರೆ ಲಾರಿ ಓಡಲು ಯೋಗ್ಯ ಅನ್ನುವ ಫಿಟ್‌ನೆಸ್ ಪತ್ರ, ಮುಗಿದಿತ್ತಾ? ಇದನ್ನು ಕೇಳಿದ ಕೂಡಲೇ ಗಾಯಾಳುವಿನ ಮನೆಯವರು ಹೆದರಿಬಿಡುತ್ತಾರೆ. ಅಷ್ಟು ಹೆದರಬೇಕಾಗಿಲ್ಲ. ಲೈಸೆನ್ಸ್ ದೋಷವಿದ್ದರೂ ಮೊದಲು ಗಾಯಾಳುವಿಗೆ ಹಣ ಕೊಡಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಿ ಅನ್ನುವ ದಾರಿಯನ್ನು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2004ರಲ್ಲೇ ಗಟ್ಟಿ ಮಾಡಿದೆ. ಪರ್ಮಿಟ್ ಇಲ್ಲದ ಲಾರಿಯ ಪ್ರಕರಣದಲ್ಲೂ 2018ರಲ್ಲಿ ಇದೇ ದಾರಿ ಹಿಡಿದಿದೆ. ಕೋರ್ಟ್ ಆವರಣದಲ್ಲಿ ಇದನ್ನು 'ಪೇ ಅಂಡ್ ರಿಕವರಿ' ಅನ್ನುತ್ತಾರೆ. ಇನ್ನೊಂದು ದೊಡ್ಡ ಗೊಂದಲ ಲಘು ವಾಹನದ ಲೈಸೆನ್ಸ್ ಇದ್ದವರು ಸರಕು ವಾಹನ ಓಡಿಸಬಹುದಾ ಅನ್ನುವುದು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ಬಗೆಹರಿಸಿತು: ಸರಕೂ ಸೇರಿದ ಒಟ್ಟು ತೂಕ (ಗ್ರಾಸ್ ವೆಹಿಕಲ್ ವೇಟ್) 7,500 ಕೆ.ಜಿ. ದಾಟದ ಸರಕು ವಾಹನಕ್ಕೆ ಆ ಲೈಸೆನ್ಸ್ ಸಾಕು. ಅದಕ್ಕಿಂತ ಭಾರದ ಲಾರಿಗೆ ಸಾಲದು.

ಟ್ರ್ಯಾಕ್ಟರ್ ವಿಷಯಕ್ಕೂ ಒಂದು ಮಾತು. ನಮ್ಮ ಹಳ್ಳಿಗಳಲ್ಲಿ ಜಾತ್ರೆಗೆ, ಮದುವೆಗೆ, ಕೂಲಿಗೆ ಟ್ರ್ಯಾಕ್ಟರ್ ಹತ್ತುವವರು ಎಷ್ಟು ಜನ! ಗುದ್ದಿದ ಲಾರಿಯದೂ ಟ್ರ್ಯಾಕ್ಟರ್‌ನದೂ ಇಬ್ಬರದೂ ತಪ್ಪಿದೆ ಅಂತಾದರೆ ಏನು ಗತಿ? ಎರಡು ವಾಹನಗಳ ತಪ್ಪಿನಿಂದ ಮೂರನೆಯವರಿಗೆ ಗಾಯವಾದಾಗ, ಆ ಮೂರನೆಯವರು ಇಬ್ಬರಲ್ಲಿ ಯಾರೊಬ್ಬರಿಂದ ಬೇಕಾದರೂ ಪೂರ್ತಿ ಪರಿಹಾರ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಅವರಿಬ್ಬರ ನಡುವಿನ ಪಾಲು ಅವರಿಬ್ಬರ ತಲೆನೋವು. ಹಿಂದೆ ಕೂತಿದ್ದ ಮಗುವಿನ ಪರಿಹಾರದಲ್ಲಿ, ಟ್ರ್ಯಾಕ್ಟರ್ ಓಡಿಸುತ್ತಿದ್ದವನದೂ ತಪ್ಪಿದೆ ಅನ್ನುವ ಕಾರಣಕ್ಕೆ ಕಡಿತ ಮಾಡುವಂತಿಲ್ಲ.

ವರ್ಷಕ್ಕೆ 15 ಸಾವಿರದ ಹುಡುಗಿ

ಈಗ ಮೊತ್ತದ ಕಡೆ ಬರೋಣ. 12 ವರ್ಷದ ಹುಡುಗಿಗೆ ಸಂಬಳವಿಲ್ಲ. ಹಾಗಾದರೆ ಕಳೆದುಹೋದ ದುಡಿಮೆಗೆ ಬೆಲೆ ಕಟ್ಟುವುದು ಹೇಗೆ? ಕೆಳಗಿನ ಎರಡೂ ಕೋರ್ಟುಗಳು ವರ್ಷಕ್ಕೆ 15,000 ರೂಪಾಯಿ ಅಂತ ಊಹೆಯ ಆದಾಯ ಹಿಡಿದವು. ತಿಂಗಳಿಗೆ 1,250 ರೂಪಾಯಿ ಆಯಿತು.

ಈ 15,000 ಎಲ್ಲಿಯದು? 1994ರಲ್ಲಿ ಮೋಟಾರು ವಾಹನ ಕಾಯ್ದೆಗೆ ಎರಡನೇ ಅನುಸೂಚಿ ಅಂತ ಒಂದು ಕೋಷ್ಟಕ ಸೇರಿಸಿದರು. ಅದರಲ್ಲಿ ದುಡಿಮೆ ಇಲ್ಲದವರಿಗೆ ವರ್ಷಕ್ಕೆ 15,000 ಆದಾಯ ಅಂತ ಬರೆದಿದ್ದರು. ಅಪಘಾತವಾದದ್ದು 2007ರಲ್ಲಿ. ನಡುವೆ 13 ವರ್ಷ ಕಳೆದಿತ್ತು. ಅಕ್ಕಿ, ಎಣ್ಣೆ, ಬಸ್ ಚಾರ್ಜು ಎಲ್ಲವೂ ಏರಿದ್ದವು, ಮಕ್ಕಳ ಬೆಲೆ ಮಾತ್ರ ನಿಂತಲ್ಲೇ ನಿಂತಿತ್ತು. ಇದು ನನಗೆ ತೀರಾ ಸಂಕಟದ ಸಂಗತಿ.

ಸುಪ್ರೀಂ ಕೋರ್ಟ್ ಈ ಕ್ರಮ ಸರಿಯಲ್ಲ ಅಂದಿತು. ಅಪಘಾತ ಆಗದಿದ್ದರೆ ಹುಡುಗಿ ಓದಿ, ಏನಾದರೊಂದು ಕೆಲಸ ಕಲಿತು, ದುಡಿಯುತ್ತಿದ್ದಳು. ಕಡಿಮೆ ಅಂದರೂ ಒಬ್ಬ ನುರಿತ ಕಾರ್ಮಿಕನಿಗೆ ಸಿಗುವ ಕನಿಷ್ಠ ಕೂಲಿಯಾದರೂ ಸಿಗುತ್ತಿತ್ತು. ಆಗ ಹರಿಯಾಣದಲ್ಲಿ ಅದು ತಿಂಗಳಿಗೆ 4,846 ರೂಪಾಯಿ. ಮುಂದೆ ಸಂಬಳ ಏರುತ್ತದೆ ಅನ್ನುವ ಲೆಕ್ಕಕ್ಕೆ ಶೇ. 40 ಸೇರಿಸಿದರು. ಈ ಶೇ. 40 ಸುಮ್ನೆ ಬಂದದ್ದಲ್ಲ. ಸ್ವಂತ ದುಡಿಮೆ ಅಥವಾ ಖಾಸಗಿ ಕೆಲಸದಲ್ಲಿರುವ 40 ವರ್ಷದೊಳಗಿನವರಿಗೆ ಅಷ್ಟು ಸೇರಿಸಬೇಕು ಅಂತ 2017ರಲ್ಲಿ ಸಂವಿಧಾನ ಪೀಠ ಹೇಳಿತ್ತು. ಕೂಡಿದರೆ ತಿಂಗಳಿಗೆ 6,784 ರೂಪಾಯಿ 40 ಪೈಸೆ. ಅದನ್ನು 12 ತಿಂಗಳಿಗೆ, ಆಮೇಲೆ 18 ಅನ್ನುವ ಗುಣಕಕ್ಕೆ ಗುಣಿಸಿದರೆ 14,65,430 ರೂಪಾಯಿ. ಪೂರ್ಣಾಂಕ ಮಾಡಿ 14,66,000.

ಹಳೆಯ 15,000ವನ್ನು ಅದೇ 18ರಿಂದ ಗುಣಿಸಿ ನೋಡಿ. 2,70,000 ಆಗುತ್ತದೆ. ಒಂದೇ ಒಂದು ಅಂಕಿ ಬದಲಾದದ್ದಕ್ಕೆ ಸುಮಾರು 12 ಲಕ್ಷದ ವ್ಯತ್ಯಾಸ.

ಗುಣಕ ಅಂದರೇನು ಅಂತ ಕೇಳುವವರಿಗೆ: ಒಬ್ಬರು ವರ್ಷವರ್ಷವೂ ದುಡಿಯಬೇಕಾಗಿದ್ದ ಹಣವನ್ನು ಇವತ್ತೇ ಒಟ್ಟಿಗೆ ಕೊಡುವಾಗ ಎಷ್ಟು ವರ್ಷದ ಆದಾಯ ಕೊಡಬೇಕು ಅಂತ ನಿಗದಿ ಮಾಡುವ ಸಂಖ್ಯೆ ಅದು. ಒಟ್ಟಿಗೆ ಸಿಕ್ಕ ಹಣ ಬ್ಯಾಂಕಿನಲ್ಲಿ ಬಡ್ಡಿ ತರುತ್ತದೆ ಅಲ್ವಾ, ಅದಕ್ಕೇ 40 ವರ್ಷದ ದುಡಿಮೆಗೆ 40ರಿಂದ ಗುಣಿಸುವುದಿಲ್ಲ. 2009ರಿಂದ ಕೋರ್ಟುಗಳು ಬಳಸುವ ಪಟ್ಟಿಯಲ್ಲಿ ಅತಿ ದೊಡ್ಡ ಗುಣಕವೇ 18. ವಯಸ್ಸು ಏರಿದಂತೆ ಅದು ಇಳಿಯುತ್ತಾ ಹೋಗುತ್ತದೆ.

ಎತ್ತುವವರು ಯಾರು?

ಈ ತೀರ್ಪಿನ ಜೀವ ಇರುವುದು ಇಲ್ಲಿ. ಹಾಸಿಗೆ ಹಿಡಿದವರ ಮನೆಯ ಒಂದು ದಿನವನ್ನು ನೋಡಿದವರಿಗೆ ಮಾತ್ರ ಇದು ಪೂರ್ತಿ ಅರ್ಥವಾಗುತ್ತದೆ. ಬೆನ್ನು, ಸೊಂಟ ಹುಣ್ಣಾಗದ ಹಾಗೆ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ರಾತ್ರಿಯೂ ಬದಲಿಸಬೇಕು. ಊಟ ನುಣ್ಣಗೆ ಮಾಡಿ, ನೆತ್ತಿಗೇರದ ಹಾಗೆ ಸ್ವಲ್ಪ ಸ್ವಲ್ಪವೇ ತಿನ್ನಿಸಬೇಕು. ಬಟ್ಟೆ ಒದ್ದೆಯಾದಾಗಲೆಲ್ಲ ಬದಲಿಸಬೇಕು, ಒರೆಸಬೇಕು, ಪುಡಿ ಹಾಕಬೇಕು. ಒಂಬತ್ತು ತಿಂಗಳ ಕೂಸನ್ನು ಅಮ್ಮ ಒಂದೇ ಕೈಯಲ್ಲಿ ಎತ್ತುತ್ತಾಳೆ. ಇಪ್ಪತ್ತರ ಹುಡುಗಿಯನ್ನು ಸ್ನಾನಕ್ಕೆ ಎತ್ತಲು ಇಬ್ಬರು ಬೇಕು. ಅಮ್ಮನಿಗೆ ವಯಸ್ಸಾಗುತ್ತಾ ಹೋಗುತ್ತದೆ, ಮಗಳ ತೂಕ ಇಳಿಯುವುದಿಲ್ಲ.

ಹೈಕೋರ್ಟ್ ಈ ಆರೈಕೆಗೆ ತಿಂಗಳಿಗೆ 2,500 ರೂಪಾಯಿಯಂತೆ 44 ವರ್ಷಕ್ಕೆ ಲೆಕ್ಕ ಹಾಕಿ 13,20,000 ಕೊಟ್ಟಿತ್ತು. ನೋಡಲು 44 ವರ್ಷ ಅಂದರೆ ಉದಾರವಾಗಿ ಕಾಣುತ್ತದೆ. ದಿನಕ್ಕೆ ಭಾಗಿಸಿ: 83 ರೂಪಾಯಿ ಚಿಲ್ಲರೆ. ಆ ದುಡ್ಡಿಗೆ ಹಗಲು ರಾತ್ರಿ ಕೂತಿರಲು ಯಾರು ಬರುತ್ತಾರೆ?

ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ಒಂದು, ಹೀಗೆ ವರ್ಷಗಳನ್ನು ಸುಮ್ಮನೆ ಎಣಿಸುವ ಪದ್ಧತಿ ಸರಿಯಲ್ಲ, ಆದಾಯಕ್ಕೆ ಬಳಸುವ ಗುಣಕವನ್ನೇ ಆರೈಕೆಯ ಖರ್ಚಿಗೂ ಬಳಸಬೇಕು. ಎರಡು, ದಿನದ 24 ಗಂಟೆಯೂ ಆರೈಕೆ ಬೇಕಾದವಳಿಗೆ ಒಬ್ಬರು ಸಾಲದು, 12 ಗಂಟೆಗೆ ಒಬ್ಬರಂತೆ ಇಬ್ಬರು ಬೇಕು. ಒಬ್ಬರಿಗೆ ತಿಂಗಳಿಗೆ 5,000, ಇಬ್ಬರಿಗೆ 10,000, ವರ್ಷಕ್ಕೆ 1,20,000. 18ರಿಂದ ಗುಣಿಸಿದರೆ 21,60,000.

ಇಬ್ಬರು ಬೇಕು ಅನ್ನುವ ಈ ಮಾತು ಕಾನೂನಿನ ದೃಷ್ಟಿಯಲ್ಲಿ ದೊಡ್ಡದು. ಅಲ್ಲಿಯವರೆಗೆ ಆರೈಕೆಯ ಹೆಸರಿನಲ್ಲಿ ಒಂದು ಅಂದಾಜಿನ ಗಂಟು ಕೊಟ್ಟು ಮುಗಿಸುವುದು ರೂಢಿಯಾಗಿತ್ತು. ಅಮ್ಮ ಇದ್ದಾಳಲ್ಲ, ನೋಡಿಕೊಳ್ಳುತ್ತಾಳೆ ಅನ್ನುವ ಎಣಿಕೆ ಎಲ್ಲರ ಮನಸ್ಸಿನಲ್ಲೂ ಇರುತ್ತದೆ. ಅಮ್ಮನ ದುಡಿಮೆ ಹೋಗಿದ್ದು, ಅವಳ ನಿದ್ದೆ ಹೋಗಿದ್ದು ಯಾವ ಕಾಲಮ್ಮಿಗೂ ಬರುವುದಿಲ್ಲ. ಅಮ್ಮನೇ ಮಾಡಿದರೂ ಅದು ಇಬ್ಬರ ಕೆಲಸ, ಅದಕ್ಕೆ ಇಬ್ಬರ ಕೂಲಿ.

ಹಾಗಂತ ಈ ಲೆಕ್ಕವನ್ನು ಪೂರ್ತಿ ಒಪ್ಪಲು ನನಗೆ ಆಗುವುದಿಲ್ಲ. 21,60,000ವನ್ನು ಶೇ. 6ರ ಬಡ್ಡಿಗೆ ಇಟ್ಟರೆ ವರ್ಷಕ್ಕೆ 1,29,600 ಬರುತ್ತದೆ. ಅಸಲು ಮುಟ್ಟದೆ ಇಬ್ಬರಿಗೆ ಸಂಬಳ ಕೊಡಬಹುದು. ಗುಣಕದ ಹಿಂದಿನ ತರ್ಕ ಇದೇ, ಮೊದಲ ವರ್ಷ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹತ್ತನೇ ವರ್ಷ? ಬಡ್ಡಿ ಅಷ್ಟೇ ಬರುತ್ತದೆ, ಕೂಲಿ ಮಾತ್ರ ಏರಿರುತ್ತದೆ. ಬೆಲೆ ಏರಿಕೆಯೂ ಗುಣಕದೊಳಗೇ ಸೇರಿದೆ ಅನ್ನುವುದು ಕೋರ್ಟಿನ ನಿಲುವು. 2020ರಲ್ಲೇ 12 ಗಂಟೆಯ ಕೆಲಸಕ್ಕೆ ತಿಂಗಳಿಗೆ 5,000 ತೀರಾ ಕಡಿಮೆ. ಇವತ್ತು ಬೆಂಗಳೂರಿನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಆ ಸಂಬಳಕ್ಕೆ ಹೋಮ್ ನರ್ಸ್ ಸಿಗುವುದು ಕನಸು. ಹೊಸದಾಗಿ ಕೇಸು ನಡೆಸುವವರು 5,000ವನ್ನು ಕಲ್ಲಿನಲ್ಲಿ ಕೊರೆದ ಅಂಕಿ ಅಂತ ತಿಳಿಯಬಾರದು. ಇಬ್ಬರು ಬೇಕು, ಗುಣಕ ಬಳಸಬೇಕು ಅನ್ನುವ ತತ್ವವನ್ನು ಹಿಡಿದು, ಇಂದಿನ ಸಂಬಳಕ್ಕೆ ಸಾಕ್ಷಿ ಕೊಡಬೇಕು.

ಉಳಿದ ಬಾಬ್ತುಗಳು

ನೋವು, ಸಂಕಟ, ಬದುಕಿನ ಸುಖಗಳು ಕಳೆದುಹೋದದ್ದಕ್ಕೆ 15 ಲಕ್ಷ. 2013ರಲ್ಲಿ ಸುಪ್ರೀಂ ಕೋರ್ಟ್ ಗಾಯಗೊಂಡ ಮಕ್ಕಳಿಗಾಗಿ ಒಂದು ಮೆಟ್ಟಿಲು ಲೆಕ್ಕ ಹೇಳಿತ್ತು. ಚಿಕಿತ್ಸೆ, ಆರೈಕೆ ಬಿಟ್ಟು ಉಳಿದೆಲ್ಲ ಬಾಬ್ತಿಗೆ, ಶೇ. 90 ದಾಟಿದ ವೈಕಲ್ಯಕ್ಕೆ 6 ಲಕ್ಷ ಅನ್ನುವುದೇ ಅದರ ಕೊನೆಯ ಮೆಟ್ಟಿಲು. ವಿಶೇಷ ಸಂದರ್ಭದಲ್ಲಿ ಅದನ್ನು ಮೀರಬಹುದು ಅಂತಲೂ ಹೇಳಿತ್ತು. 2020ರ ತೀರ್ಪಿನಲ್ಲಿ ನೋವಿಗೊಂದಕ್ಕೇ 15 ಲಕ್ಷ ಬಂತು. ಆದ್ದರಿಂದ ಆರರ ಗೆರೆ ತೋರಿಸಿ ಯಾರಾದರೂ ಬಾಯಿ ಮುಚ್ಚಿಸಲು ನೋಡಿದರೆ ಒಪ್ಪಬೇಕಾಗಿಲ್ಲ.

ಮದುವೆಯ ಅವಕಾಶ ಹೋದದ್ದಕ್ಕೆ 3 ಲಕ್ಷ. ಮುಂದಿನ ಚಿಕಿತ್ಸೆಗೆ 5 ಲಕ್ಷ. ಆಗಿಹೋದ ಚಿಕಿತ್ಸೆ, ಓಡಾಟ ಮುಂತಾದವಕ್ಕೆ 2,50,000. ಇನ್ನೊಂದು ಸಣ್ಣ ಬಾಬ್ತು ನನಗೆ ಬಹಳ ಹಿಡಿಸಿತು: 51,000 ರೂಪಾಯಿ. ಹುಡುಗಿ ಆಸ್ಪತ್ರೆಯಲ್ಲಿದ್ದ 51 ದಿನ ಮನೆಯವರು ಕೆಲಸ ಬಿಟ್ಟು ಅವಳ ಜೊತೆ ಕೂತಿದ್ದರಲ್ಲ, ಅದಕ್ಕೆ. ಇದನ್ನು ಕೇಳಬಹುದು ಅನ್ನುವುದೇ ಬಹಳ ಜನಕ್ಕೆ ಹೊಳೆಯುವುದಿಲ್ಲ. ಐಸಿಯು ಹೊರಗೆ ಚಾಪೆ ಹಾಸಿಕೊಂಡು ಮಲಗಿದ ಅಪ್ಪನ ಕೂಲಿ ಹೋದದ್ದೂ ಅಪಘಾತದ ನಷ್ಟವೇ.

ಎಲ್ಲ ಸೇರಿ 62,27,000. ಇದರ ಮೇಲೆ ಅರ್ಜಿ ಹಾಕಿದ ದಿನದಿಂದ ಹಣ ಕಟ್ಟುವ ದಿನದವರೆಗೆ ಶೇ. 7.5 ಬಡ್ಡಿ. ಲಕ್ಷಕ್ಕೆ ವರ್ಷಕ್ಕೆ 7,500. ಹತ್ತು ವರ್ಷ ಎಳೆದ ಕೇಸಿನಲ್ಲಿ ಲಕ್ಷಕ್ಕೆ 75,000 ಬಡ್ಡಿಯೇ ಆಗುತ್ತದೆ. ರಾಜಿಗೆ ಕರೆದಾಗ ಬಡ್ಡಿ ಸೇರಿಸಿ ಹೇಳುತ್ತಿದ್ದಾರಾ, ಬಿಟ್ಟು ಹೇಳುತ್ತಿದ್ದಾರಾ ಅಂತ ಮೊದಲು ಕೇಳಿ.

ಅರ್ಜಿಯಲ್ಲಿ ಕೇಳಿದ್ದಕ್ಕಿಂತ ಜಾಸ್ತಿ ಕೊಡಬಹುದಾ? ಕೊಡಬಹುದು. ನ್ಯಾಯವಾದ ಪರಿಹಾರ ಕೇಳಿದ ಮೊತ್ತವನ್ನು ಮೀರಿದರೂ ಕೊಡಲೇಬೇಕು, ಅದರಲ್ಲೂ ಗಾಯಾಳು ಅಪ್ರಾಪ್ತ ವಯಸ್ಸಿನವರಾದರೆ ಇನ್ನೂ ಮುಖ್ಯ ಅಂತ ಇದೇ ತೀರ್ಪು ಹೇಳಿದೆ. ಮೊದಲ ದಿನ ಗಾಬರಿಯಲ್ಲಿ ಕಡಿಮೆ ಮೊತ್ತ ಬರೆಸಿದ ಕುಟುಂಬಗಳಿಗೆ ಇದು ಆಸರೆ.

ಹಣವನ್ನು ಒಟ್ಟಿಗೆ ಕೈಗೆ ಕೊಡಲಿಲ್ಲ. ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಟ್ಟು, ಬಡ್ಡಿ ಪೋಷಕರಿಗೆ ಸಿಗುವಂತೆ ಮಾಡಿದರು. ಕೆಲವರಿಗೆ ಇದು ಕಿರಿಕಿರಿ ಅನ್ನಿಸುತ್ತದೆ, "ನಮ್ಮ ದುಡ್ಡು ನಮಗೇ ಕೊಡಲ್ವಾ?" ಅನ್ನುತ್ತಾರೆ. ಅವಳ ದುಡ್ಡು ಅವಳಿಗೇ ಉಳಿಯಬೇಕಾದರೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ. ಸಾಲಗಾರರು, ನೆಂಟರು, ಸೈಟು ಮಾರುವವರು ಎಲ್ಲರಿಗೂ ಪರಿಹಾರದ ಸುದ್ದಿ ಬೇಗ ಮುಟ್ಟುತ್ತದೆ.

ಕರ್ನಾಟಕದ ಒಂದು ಮಗು

ಈ ತೀರ್ಪು ಹರಿಯಾಣದಲ್ಲೇ ನಿಲ್ಲಲಿಲ್ಲ. 2010ರ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯದಲ್ಲಿ 5 ವರ್ಷದ ಮಗುವೊಂದು ವಾಹನ ಅಪಘಾತಕ್ಕೆ ಸಿಕ್ಕಿ, ಸೊಂಟದ ಕೆಳಗೆ ಬಲ ಕಳೆದುಕೊಂಡಿತು. ನ್ಯಾಯಮಂಡಳಿ 18,24,000 ಕೊಟ್ಟಿತು. ಹೈಕೋರ್ಟ್ ಅದನ್ನು 13,46,000ಕ್ಕೆ ಇಳಿಸಿತು. 2022ರ ಮಾರ್ಚ್ 29ರಂದು ಸುಪ್ರೀಂ ಕೋರ್ಟ್, ಹರಿಯಾಣದ ಹುಡುಗಿಯ ತೀರ್ಪಿನ ದಾರಿಯಲ್ಲೇ ನಡೆದು, ಕರ್ನಾಟಕದ ಅಂದಿನ ಕನಿಷ್ಠ ಕೂಲಿ 3,708 ರೂಪಾಯಿ ಹಿಡಿದು, ಶೇ. 40 ಸೇರಿಸಿ, 18ರಿಂದ ಗುಣಿಸಿ, ಉಳಿದ ಬಾಬ್ತುಗಳನ್ನೂ ಕೂಡಿಸಿ 49,93,000 ಕೊಡಿಸಿತು. ಮಕ್ಕಳ ಪ್ರಕರಣದಲ್ಲಿ ಆಯಾ ರಾಜ್ಯದ ನುರಿತ ಕಾರ್ಮಿಕನ ಕನಿಷ್ಠ ಕೂಲಿಯನ್ನೇ ಆದಾಯವಾಗಿ ಹಿಡಿಯಬೇಕು ಅಂತ 2025ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಒತ್ತಿ ಹೇಳಿದೆ.

ನಮ್ಮಲ್ಲಿ ಇನ್ನೊಂದು ರೂಢಿಯಿದೆ. ಆದಾಯಕ್ಕೆ ದಾಖಲೆ ಇಲ್ಲದ ದೊಡ್ಡವರ ಕೇಸುಗಳಲ್ಲಿ ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಚಾರ್ಟ್ ನೋಡುತ್ತಾರೆ. ಅಪಘಾತ ನಡೆದ ವರ್ಷಕ್ಕೆ ಇಷ್ಟು ಆದಾಯ ಅಂತ ಅದರಲ್ಲಿರುತ್ತದೆ. ಲೋಕ್ ಅದಾಲತ್‌ನಲ್ಲಿ ರಾಜಿ ಮಾಡಲು ಅಂತ ಹುಟ್ಟಿದ ಚಾರ್ಟ್ ಅದು. ನಿಮಗೆ ಅದಕ್ಕಿಂತ ಜಾಸ್ತಿ ಆದಾಯ ಇತ್ತು ಅಂದರೆ ಸಾಬೀತು ಮಾಡಿ: ಹಾಲಿನ ಡೇರಿಯ ಪಾಸ್ ಪುಸ್ತಕ, ಬ್ಯಾಂಕ್ ವಹಿವಾಟು, ಮಂಡಿಯ ಬಿಲ್ಲು, ಮೇಸ್ತ್ರಿಯ ಸಾಕ್ಷಿ, ಏನಿದ್ದರೂ ಸರಿ.

ದೊಡ್ಡವರ ಕೇಸಿನಲ್ಲಿ ಜಾರುವ ಜಾಗ ಅಂಗವೈಕಲ್ಯದ ಶೇಕಡಾವಾರು. ವೈದ್ಯರು "ಬಲಗಾಲಿಗೆ ಶೇ. 45" ಅಂತ ಬರೆದರೆ ಅದು ಆ ಕಾಲಿನ ಲೆಕ್ಕ. ಇಡೀ ದೇಹಕ್ಕೆ ಅದು ಎಷ್ಟಾಗುತ್ತದೆ, ಆ ಮನುಷ್ಯನ ದುಡಿಮೆ ಎಷ್ಟು ಹೋಯಿತು ಅನ್ನುವುದು ಬೇರೆ ಲೆಕ್ಕ. ಇದನ್ನು ಸುಪ್ರೀಂ ಕೋರ್ಟ್ 2010ರ ಅಕ್ಟೋಬರ್‌ನಲ್ಲಿ ಬಿಡಿಸಿ ಹೇಳಿದೆ. ಮೇಜಿನ ಮುಂದೆ ಕೂತು ಬರೆಯುವ ಗುಮಾಸ್ತನಿಗೆ ಕಾಲು ಹೋದರೆ ಕೆಲಸ ಉಳಿಯಬಹುದು. ಮೂಟೆ ಹೊರುವ ಹಮಾಲಿಗೆ ಅದೇ ಕಾಲು ಹೋದರೆ ದುಡಿಮೆ ಪೂರ್ತಿ ಹೋದಂತೆ. ಆದ್ದರಿಂದ ವೈದ್ಯರು ಸಾಕ್ಷಿ ಕಟ್ಟೆಗೆ ಬಂದಾಗ ಎಷ್ಟು ಪರ್ಸೆಂಟ್ ಅಂತ ಕೇಳಿ ಬಿಟ್ಟರೆ ಸಾಲದು. ಇವರು ಮೊದಲಿನ ಕೆಲಸ ಮಾಡಬಲ್ಲರಾ, ದಿನವೂ ಇನ್ನೊಬ್ಬರ ಸಹಾಯ ಬೇಕಾ, ಎಷ್ಟು ಹೊತ್ತು ಬೇಕು, ಮುಂದೆ ಆಪರೇಷನ್ ಇದೆಯಾ, ಅದಕ್ಕೆಷ್ಟು ಖರ್ಚು ಅಂತ ನಿಮ್ಮ ವಕೀಲರು ಕೇಳಿ ದಾಖಲಿಸಬೇಕು. ಹರಿಯಾಣದ ಹುಡುಗಿಗೆ ಮೇಲಿನ ಕೋರ್ಟಿನಲ್ಲಿ ನ್ಯಾಯ ಸಿಕ್ಕಿದ್ದು ಅವಳ ಸ್ಥಿತಿಯ ಬಗ್ಗೆ ಸ್ಪಷ್ಟ ವರದಿ ಕೆಳಗಿನ ಕೋರ್ಟಿನ ಕಡತದಲ್ಲೇ ಇದ್ದದ್ದರಿಂದ.

ಕಾಗದ, ಗಡುವು

ಎಫ್ಐಆರ್, ಸ್ಥಳದ ಮಹಜರು, ನಕ್ಷೆ, ವಾಹನ ತಪಾಸಣಾ ಅಧಿಕಾರಿಯ ವರದಿ, ಚಾರ್ಜ್‌ಶೀಟ್, ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಮ್ಮರಿ, ಒಂದೊಂದು ಮೆಡಿಕಲ್ ಬಿಲ್ಲು: ಇಷ್ಟೂ ಬೇಕು. ಲಾರಿಯ ಆರ್‌ಸಿ, ವಿಮಾ ಪಾಲಿಸಿ, ಪರ್ಮಿಟ್, ಎಫ್‌ಸಿ, ಚಾಲಕನ ಡಿಎಲ್ ಪ್ರತಿಗಳನ್ನು ಪೊಲೀಸರು ಸಂಗ್ರಹಿಸಿರುತ್ತಾರೆ. 2022ರ ಏಪ್ರಿಲ್ 1ರಿಂದ ಬಂದ ನಿಯಮದ ಪ್ರಕಾರ ಪೊಲೀಸರು ಅಪಘಾತದ ಮೊದಲ ವರದಿಯನ್ನು 48 ಗಂಟೆಯೊಳಗೆ ನ್ಯಾಯಮಂಡಳಿಗೆ ಕಳಿಸಬೇಕು, ಸವಿವರ ವರದಿಯನ್ನು 90 ದಿನದೊಳಗೆ. ಠಾಣೆಗೆ ಹೋಗಿ ಆ ವರದಿ ಹೋಯಿತಾ ಅಂತ ಕೇಳುವ ಹಕ್ಕು ನಿಮಗಿದೆ.

ಕ್ರಿಮಿನಲ್ ಕೇಸಿನಲ್ಲಿ ಚಾಲಕ ಖುಲಾಸೆಯಾದ ಅಂತ ಪರಿಹಾರದ ಅರ್ಜಿ ಬಿದ್ದುಹೋಗುವುದಿಲ್ಲ. ಅಲ್ಲಿ ಸಂಶಯಕ್ಕೆ ಎಡೆಯಿಲ್ಲದ ಪುರಾವೆ ಬೇಕು, ಇಲ್ಲಿ ಹೀಗೇ ಆಗಿರುವ ಸಂಭವ ಜಾಸ್ತಿ ಅಂತ ತೋರಿಸಿದರೆ ಸಾಕು.

ಲಾರಿ ಗುದ್ದಿ ಪರಾರಿಯಾಗಿ ನಂಬರ್ ಸಿಗದೇ ಹೋದರೆ ಮೇಲೆ ಹೇಳಿದ ದಾರಿ ಇಲ್ಲ. ಆಗ ಸರ್ಕಾರದ ಹಿಟ್ ಅಂಡ್ ರನ್ ಯೋಜನೆಯಲ್ಲಿ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ಮಾತ್ರ. 62 ಲಕ್ಷಕ್ಕೂ 50 ಸಾವಿರಕ್ಕೂ ನಡುವೆ ಕೆಲವೊಮ್ಮೆ ಒಂದು ನಂಬರ್ ಪ್ಲೇಟ್ ಅಷ್ಟೇ ಇರುತ್ತದೆ. ಹಾಗಾಗಿ ಟೋಲ್ ಗೇಟ್, ಪೆಟ್ರೋಲ್ ಬಂಕ್, ಡಾಬಾಗಳ ಸಿಸಿಟಿವಿ ಅಳಿಸಿಹೋಗುವ ಮೊದಲೇ ತೆಗೆಸಲು ಪೊಲೀಸರಿಗೆ ಬರೆದು ಕೊಡಿ.

ಅರ್ಜಿ ಎಲ್ಲಿ ಹಾಕಬೇಕು? ಅಪಘಾತ ನಡೆದ ಊರಿನಲ್ಲೇ ಹಾಕಬೇಕಂತಿಲ್ಲ. ಸೊಲ್ಲಾಪುರದ ಹತ್ತಿರ ಲಾರಿ ಗುದ್ದಿದರೂ ವಿಜಯಪುರದವರು ತಮ್ಮ ಊರಿನ ನ್ಯಾಯಮಂಡಳಿಯಲ್ಲೇ ಹಾಕಬಹುದು. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ಆದಾಯ ಎಷ್ಟೇ ಇರಲಿ.

ಗಡುವಿನ ವಿಷಯದಲ್ಲಿ ಹುಷಾರು. 1994ರ ತಿದ್ದುಪಡಿ ಸಮಯದ ಮಿತಿಯನ್ನು ತೆಗೆದುಹಾಕಿತ್ತು. 2019ರ ತಿದ್ದುಪಡಿ ಅದನ್ನು ಮತ್ತೆ ತಂದಿತು, 2022ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ: ಅಪಘಾತವಾಗಿ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ. ಅದನ್ನೇ ನಂಬಿ ಕೂರಬೇಡಿ. ತಲೆಗೆ ಪೆಟ್ಟಾದವರ ಆಸ್ಪತ್ರೆ ಓಡಾಟದಲ್ಲಿ 6 ತಿಂಗಳು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮುಗಿಯುತ್ತದೆ. ಚಿಕಿತ್ಸೆ ನಡೆಯುತ್ತಿದ್ದರೂ ಅರ್ಜಿ ಹಾಕಬಹುದು, ವೈಕಲ್ಯದ ಪ್ರಮಾಣಪತ್ರ ಆಮೇಲೆ ಸೇರಿಸಬಹುದು.

ನ್ಯಾಯಮಂಡಳಿಯ ತೀರ್ಪು ಕಡಿಮೆಯಾಯಿತು ಅನ್ನಿಸಿದರೆ ಹೈಕೋರ್ಟ್‌ಗೆ ಹೋಗಲು 90 ದಿನ. ತೀರ್ಪಿನ ಪ್ರತಿ ಕೈಗೆ ಬಂದ ಕೂಡಲೇ ಒಟ್ಟು ಮೊತ್ತವನ್ನು ಬಿಟ್ಟು ಒಳಗಿನ ಎರಡು ಸಾಲು ಹುಡುಕಿ ನೋಡಿ. ಆದಾಯ ಯಾವ ವರ್ಷದ ಅಂಕಿಯಿಂದ ಹಿಡಿದಿದ್ದಾರೆ? ಆರೈಕೆಗೆ ಎಷ್ಟು ಜನರ ಸಂಬಳ ಕೊಟ್ಟಿದ್ದಾರೆ, ಗುಣಕ ಹಾಕಿದ್ದಾರಾ? ಈ ಎರಡರಲ್ಲಿ ಒಂದು ತಪ್ಪಿದ್ದರೂ 2020ರ ಫೆಬ್ರವರಿ 5ರ ಈ ತೀರ್ಪನ್ನು ನಿಮ್ಮ ವಕೀಲರ ಮುಂದಿಟ್ಟು ಮೇಲ್ಮನವಿಯ ಮಾತು ತೆಗೆಯಿರಿ.